ಒಂದು ಆಕ್ಸ್ ಕಿಂಡಿಗೆ ನಾಲ್ಕು ಹಕ್ಕುದಾರರು

ನಮ್ಮ ಹಳೆಯ ವ್ಯಾಗನ್ ಆರ್ ಕಾರಿನ ಸ್ಟೀರಿಯೋ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಸಾದಾ ಪೆಟ್ಟಿಗೆ. ಅಂಗಡಿಯವರು ಸಿಂಗಲ್ ಡಿನ್ ಎಂದು ಕರೆಯುವ ಅಳತೆ. ಮುಖದ ಮೇಲೆ ಯುಎಸ್‌ಬಿ ಕಿಂಡಿ ಒಂದು, ಆಕ್ಸ್ ಕಿಂಡಿ, ಅಂದರೆ ಹೊರಗಿನ ಉಪಕರಣದ ದನಿಯನ್ನು ತಂತಿಯ ಮೂಲಕ ಒಳಗೆ ತರುವ ಕಿಂಡಿ, ಒಂದು. ಒಳಗೆ ಎಫ್‌ಎಂ ಮತ್ತು ಮಧ್ಯಮ ತರಂಗದ ರೇಡಿಯೋ. ಸಿಡಿ ನುಂಗುವ ಬಾಯಿಯೂ ಇದೆ. ನುಂಗಿದ್ದನ್ನು ಮರಳಿಸುವುದಿಲ್ಲವಾದ್ದರಿಂದ ಅದರ ಮೇಲೆ ಟೇಪ್ ಅಂಟಿಸಿದ್ದೇನೆ. ಬ್ಲೂಟೂತ್ ಇಲ್ಲ. "ಇದನ್ನು ಕಿತ್ತು ಟಚ್‌ಸ್ಕ್ರೀನ್ ಹಾಕಿಸಿಬಿಡಿ" ಎಂದು ಮಗ ಊರಿಗೆ ಬಂದಾಗಲೆಲ್ಲ ಹೇಳುತ್ತಾನೆ. ನಾನು ಹಾಕಿಸುವುದಿಲ್ಲ. ಭದ್ರಾವತಿಯ 675 ಕಿಲೋಹರ್ಟ್ಸ್, ಧಾರವಾಡದ 765, ಬೆಂಗಳೂರಿನ 612: ಈ ಮೂರು ಸಂಖ್ಯೆಗಳ ನಡುವೆ ಮುಳ್ಳು ತಿರುಗಿಸುತ್ತ ಬೆಳೆದವನು ನಾನು. ಮಧ್ಯಮ ತರಂಗವನ್ನು ಈ ಪೆಟ್ಟಿಗೆಯಷ್ಟು ಚೆನ್ನಾಗಿ ಹಿಡಿಯುವ ಟಚ್‌ಸ್ಕ್ರೀನ್ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಾನು ಅಂಗಡಿಯಲ್ಲಿ ನೋಡಿದ ಕೆಲವಕ್ಕೆ ಆ ಬ್ಯಾಂಡೇ ಇರಲಿಲ್ಲ.

ಹೀಗಾಗಿ ಇರುವ ಒಂದೇ ಆಕ್ಸ್ ಕಿಂಡಿಗೆ ಮನೆಯಲ್ಲಿ ನಾಲ್ಕು ಹಕ್ಕುದಾರರು. ನನ್ನ ಹೆಂಡತಿಗೆ ತಾಳಮದ್ದಳೆ ಬೇಕು, ಅದೂ ಕ್ಯಾಸೆಟ್ಟಿನಲ್ಲಿ. ಮಗ ಸೊಸೆಗೆ ತಮ್ಮ ಫೋನಿನ ಹಾಡು. ಹಿಂದಿನ ಸೀಟಿನ ಮೊಮ್ಮಗಳಿಗೆ ಟ್ಯಾಬ್ಲೆಟ್ಟಿನ ಕಥೆ. ನನಗೆ ದಾರಿ ಹೇಳುವ ಫೋನಿನ ದನಿ. ನೆಲಮಂಗಲ ದಾಟಿ ಬೆಂಗಳೂರಿನ ಒಳಗೆ ಹೊಕ್ಕ ಮೇಲೆ ಅದಿಲ್ಲದಿದ್ದರೆ ನನಗೆ ದಿಕ್ಕೇ ತೋಚುವುದಿಲ್ಲ. ಶಿವಮೊಗ್ಗದಿಂದ ಹೊರಟು ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು ಎಂದು ದಿನದ ಮುಕ್ಕಾಲು ಪಾಲು ಕಾರಿನಲ್ಲೇ ಕಳೆಯುವಾಗ ಒಂದು ವೈರು ಕಿತ್ತು ಇನ್ನೊಂದು ಚುಚ್ಚುವ ಕೆಲಸ ಯಾರಿಗೂ ಬೇಡ. ಕಾರು ಓಡಿಸುವವನಿಗಂತೂ ಅದು ಸಲ್ಲದ ಕೆಲಸ.

ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿ ಪೆನ್‌ಡ್ರೈವಿಗೆ ತುಂಬಿದರೆ ಒಬ್ಬ ಹಕ್ಕುದಾರ ಕಡಿಮೆಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತುಂಬಿದ್ದೇನೆ. ಆಗ ಏನಾಯಿತೆಂದರೆ, ಕನ್ನಡದಲ್ಲಿ ಹೆಸರಿಟ್ಟ ಕಡತಗಳೆಲ್ಲ ಸ್ಟೀರಿಯೋದ ಪುಟ್ಟ ಪರದೆಯ ಮೇಲೆ ಖಾಲಿ ಚೌಕಗಳ ಸಾಲಾಗಿ ಹರಿದವು. ಆ ಪೆಟ್ಟಿಗೆಗೆ ರೋಮನ್ ಅಕ್ಷರ ಬಿಟ್ಟು ಬೇರೆ ಲಿಪಿ ಗೊತ್ತಿಲ್ಲ. ಕಡತದ ಹೆಸರನ್ನು ಬದಲಿಸಿದರೂ ಸಾಲದು. ಹಾಡಿನ ಒಳಗೆ ಹುದುಗಿರುವ ಐಡಿ3 ಪಟ್ಟಿಯಲ್ಲಿರುವ ಹೆಸರನ್ನೂ ಬದಲಿಸಬೇಕು, ಏಕೆಂದರೆ ಪರದೆ ಮೊದಲು ನೋಡುವುದು ಅದನ್ನು. ಅಕ್ಷರಮಾಲೆಯ ಕ್ರಮದಲ್ಲಿ ನುಡಿಸುತ್ತದೆಯೇ ಎಂದರೆ ಅದೂ ಇಲ್ಲ. ಪೆನ್‌ಡ್ರೈವಿನ ಮೇಲೆ ಕಡತಗಳನ್ನು ಯಾವ ಕ್ರಮದಲ್ಲಿ ಬರೆದಿದ್ದೇವೆಯೋ ಅದೇ ಕ್ರಮದಲ್ಲಿ ನುಡಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಯುದ್ಧ ಮುಗಿದ ಮೇಲೆ ಸಂಧಾನ ಶುರುವಾಗುತ್ತದೆ. ಒಂದೊಂದಾಗಿ, ಸರತಿಯಲ್ಲಿ ನಕಲು ಮಾಡಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಸರಿಮಾಡಿ ಕೊಟ್ಟ ಮೇಲೂ ಹೆಂಡತಿ ಒಪ್ಪಲಿಲ್ಲ, ಮತ್ತು ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 45 ನಿಮಿಷ ಓಡುತ್ತದೆ. ಕಡೂರಿನಲ್ಲಿ ಕಾಫಿಗೆ ಇಳಿದು ಎಂಜಿನ್ ಆರಿಸಿದರೆ ನಮ್ಮ ಪೆಟ್ಟಿಗೆ ಆ 45 ನಿಮಿಷದ ಕಡತವನ್ನು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಕ್ಯಾಸೆಟ್ ಹಾಗೆ ಮಾಡುವುದಿಲ್ಲ. ನಿಂತಲ್ಲೇ ನಿಂತಿರುತ್ತದೆ, ಒಂದು ವಾರದ ನಂತರ ಒತ್ತಿದರೂ ಅರ್ಧಕ್ಕೆ ನಿಂತ ಪದದಿಂದಲೇ ಮುಂದುವರಿಯುತ್ತದೆ. ಆದ್ದರಿಂದ ಎರಡು ಪೆನ್ಸಿಲ್ ಸೆಲ್ಲಿನ ವಾಕ್‌ಮನ್ ಕಾರಿನಲ್ಲಿ ಉಳಿಯಿತು.

ನಾನು ದೂರವಾಣಿ ಎಕ್ಸ್‌ಚೇಂಜುಗಳ ಒಳಗೆ ಕೆಲಸ ಮಾಡಿ ನಿವೃತ್ತನಾದವನು. ಮಾತಾಡುವವರು ಹಲವರು, ತಂತಿ ಕೆಲವೇ ಎಂಬುದು ನನ್ನ ಇಡೀ ನೌಕರಿಯ ಸಮಸ್ಯೆ. ಅಲ್ಲಿ ಕಲಿತದ್ದೆಂದರೆ, ತಂತಿ ಮುಟ್ಟುವ ಮೊದಲು ಒಂದು ವಿಂಗಡಣೆ ಮಾಡಿಕೊಳ್ಳಬೇಕು: ಯಾವುದು ಒಂದರ ಬದಲಿಗೆ ಬರಬೇಕು, ಯಾವುದು ಇನ್ನೊಂದರ ಜೊತೆಗೆ ಬರಬೇಕು? ಕ್ಯಾಸೆಟ್, ಫೋನಿನ ಹಾಡು, ಟ್ಯಾಬ್ಲೆಟ್ ಇವು ಒಂದು ಬಂದರೆ ಇನ್ನೊಂದು ಹೋಗಬೇಕಾದವು. ಅಲ್ಲಿ ಬೇಕಾದದ್ದು ಆಯ್ಕೆ. ದಾರಿ ಹೇಳುವ ದನಿಯಾದರೋ ಇವುಗಳಲ್ಲಿ ಯಾವುದು ನುಡಿಯುತ್ತಿದ್ದರೂ ಅದರ ಮೇಲೆ ಕೇಳಿಸಬೇಕು. ಅಲ್ಲಿ ಬೇಕಾದದ್ದು ಬೆರಕೆ. ಆಯ್ಕೆಗೆ ಸ್ವಿಚ್ಚು, ಬೆರಕೆಗೆ ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ). ಈ ವಿಷಯದಲ್ಲಿ ಕೇಳಿಬರುವ ಸಲಹೆಗಳ ಗೊಂದಲ ಬಹುಪಾಲು ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತದೆ.

ಕಾರಿನ ಬಿಡಿಭಾಗದ ಅಂಗಡಿಗೆ ಹೋಗಿ "ಎರಡು ಫೋನು, ಒಂದು ಆಕ್ಸ್" ಎಂದರೆ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ತಂತಿಯೊಂದನ್ನು ಕೈಗಿಡುತ್ತಾರೆ. ಅದು ಒಂದು ಫೋನಿನ ದನಿಯನ್ನು ಇಬ್ಬರ ಇಯರ್‌ಫೋನಿಗೆ ಹಂಚಲೆಂದು ಮಾಡಿದ ತಂತಿ. ತಿರುಗಿಸಿ ಬಳಸಿದರೆ ಶಬ್ದವೇನೋ ಬರುತ್ತದೆ. ಆದರೆ ಫೋನಿನ ಇಯರ್‌ಫೋನ್ ಕಿಂಡಿಯ ಒಳತಡೆ ಕೆಲವೇ ಓಮ್ (ತಡೆಯನ್ನು ಅಳೆಯುವ ಮಾನ). ಸ್ಟೀರಿಯೋದ ಆಕ್ಸ್ ಪ್ರವೇಶದ ತಡೆ ಸಾಮಾನ್ಯವಾಗಿ 10,000 ಓಮ್ ಅಥವಾ ಅದಕ್ಕೂ ಹೆಚ್ಚು. ಒಂದು ಫೋನಿನಿಂದ ಹೊರಟ ವಿದ್ಯುತ್ತು ಕಷ್ಟದ ದಾರಿ ಬಿಟ್ಟು ಸುಲಭದ ದಾರಿ ಹಿಡಿದು ಪಕ್ಕದ ಫೋನಿನೊಳಕ್ಕೆ ಇಳಿಯುತ್ತದೆ. ಇಬ್ಬರು ಒಬ್ಬರ ಬಾಯಿಗೆ ಒಬ್ಬರು ಕೈ ಅಡ್ಡ ಹಿಡಿದು ಮಾತಾಡಿದ ಹಾಗೆ. ಎರಡೂ ದನಿ ಕುಗ್ಗುತ್ತವೆ, ಒಡೆಯುತ್ತವೆ, ಎರಡೂ ಫೋನುಗಳ ಮೇಲೆ ಬೇಡದ ಹೊರೆ ಬೀಳುತ್ತದೆ. ಎರಡು ನಿರ್ಗಮಗಳನ್ನು, ಅಂದರೆ ದನಿ ಹೊರಬರುವ ಕಿಂಡಿಗಳನ್ನು, ಬರಿದೇ ಒಂದಕ್ಕೊಂದು ಕಟ್ಟಬಾರದು. ಈ ನಿಯಮವೊಂದನ್ನು ಹಿಡಿದುಕೊಂಡರೆ ಮಿಕ್ಕದ್ದು ತಾನಾಗಿ ಹೊಳೆಯುತ್ತದೆ.

ಲೈಟರ್ ಕಿಂಡಿಗೆ ಚುಚ್ಚುವ ಎಫ್‌ಎಂ ಟ್ರಾನ್ಸ್‌ಮಿಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ತರೀಕೆರೆಯ ಆಚೆ ಈಚೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬೆಂಗಳೂರು ಹತ್ತಿರವಾದಂತೆ 91.1, 92.7, 93.5, 98.3, 101.3, 102.9 ಎಂದು ಆಕಾಶವೆಲ್ಲ ಭರ್ತಿ. ಬಿಡುವಿನ ಜಾಗ ಹುಡುಕುತ್ತ ಕಾರು ಓಡಿಸುವುದು ನನ್ನ ವಯಸ್ಸಿನವರಿಗೆ ಹೇಳಿದ್ದಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್‌ಪಿ ರಸ್ತೆಯಲ್ಲಿ ಸಿಗುವ ತಿರುಗು ಸ್ವಿಚ್ಚನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹೆಬ್ಬೆರಳಿನ ಅಗಲದ ಬಿಲ್ಲೆ, ಅದರ ಹೊರಸುತ್ತಿನಲ್ಲಿ 12 ಹಿತ್ತಾಳೆಯ ಕಾಲುಗಳು, ಒಳಸುತ್ತಿನಲ್ಲಿ ದಾರಿಗೊಂದರಂತೆ ಒಂದರಿಂದ ನಾಲ್ಕು. ಹೊರಗಿನ 12 ಕಾಲುಗಳನ್ನು ಒಂದೇ ದಾರಿಗೆ 12 ನಿಲ್ದಾಣಗಳಾಗಿ ಹಂಚಬಹುದು, ಎರಡು ದಾರಿಗೆ ಆರಾರು, ಮೂರಕ್ಕೆ ನಾಲ್ಕು ನಾಲ್ಕು, ನಾಲ್ಕಕ್ಕೆ ಮೂರು ಮೂರು. ಬಿಲ್ಲೆ ಒಂದೇ, ಹಂಚಿಕೆ ಬೇರೆ. ನಾನು ಆರಿಸಿದ್ದು ಮೂರು ದಾರಿ, ನಾಲ್ಕು ನಿಲ್ದಾಣದ್ದು. ಎಡ, ಬಲ ಎಂದು ಎರಡೇ ದಾರಿ ಸಾಕಲ್ಲವೇ, ಮೂರನೆಯದು ಏಕೆ ಎಂದು ಅಂಗಡಿಯ ಹುಡುಗ ಕೇಳಿದ. ಮೂರನೆಯದು ನೆಲದ ತಂತಿಗೆ, ಅಂದರೆ ಅರ್ಥ್‌ಗೆ. ಅದನ್ನು ಎಲ್ಲಕ್ಕೂ ಒಂದೇ ಎಂದು ಸೇರಿಸಿಬಿಡುವುದು ವಾಡಿಕೆ. ಕಾರಿನಲ್ಲಿ ಆ ವಾಡಿಕೆ ತರುವ ತಾಪತ್ರಯವನ್ನು ಮುಂದೆ ಹೇಳುತ್ತೇನೆ.

ಈ ಸ್ವಿಚ್ಚುಗಳಲ್ಲಿ ಎರಡು ಜಾತಿ. ಒಂದು, ಹಳೆಯ ಕಾಲನ್ನು ಬಿಡುವ ಮೊದಲೇ ಹೊಸ ಕಾಲನ್ನು ಮುಟ್ಟುವುದು. ಇನ್ನೊಂದು, ಹಳೆಯದನ್ನು ಪೂರ್ತಿ ಬಿಟ್ಟು ಆಮೇಲೆ ಹೊಸದನ್ನು ಮುಟ್ಟುವುದು. ನೋಡಲು ಎರಡೂ ಒಂದೇ ಥರ. ನಮಗೆ ಬೇಕಾದದ್ದು ಎರಡನೆಯದು, ಏಕೆಂದರೆ ಮೊದಲನೆಯದರಲ್ಲಿ ಗುಂಡಿ ತಿರುಗಿಸಿದಾಗಲೆಲ್ಲ ಎರಡು ನಿರ್ಗಮಗಳು ಒಂದು ಕ್ಷಣ ಕೂಡುತ್ತವೆ. ಗುರುತಿಸುವುದು ಹೀಗೆ: ಮಲ್ಟಿಮೀಟರನ್ನು (ವಿದ್ಯುತ್ ಅಳೆಯುವ ಉಪಕರಣ) ಬೀಪ್ ಸದ್ದಿಗೆ ಇಟ್ಟು ಅಕ್ಕಪಕ್ಕದ ಎರಡು ಹೊರಕಾಲುಗಳಿಗೆ ಅದರ ಮುಳ್ಳು ತಾಗಿಸಿ, ಗುಂಡಿಯನ್ನು ಬಹಳ ನಿಧಾನವಾಗಿ ತಿರುಗಿಸಿ. ನಡುವೆ ಕುಂಯ್ ಎಂದರೆ ಅದು ಮೊದಲನೆಯ ಜಾತಿ, ಹಿಂದಿರುಗಿಸಿ. ಅಂಗಡಿಯ ಗಲ್ಲಾದ ಮೇಲೆ ಮಲ್ಟಿಮೀಟರ್ ತೆಗೆದರೆ ಕೆಲವರು ಮುಖ ಸಿಂಡರಿಸುತ್ತಾರೆ. ಎಸ್‌ಪಿ ರಸ್ತೆಯಲ್ಲಿ ಹಾಗಲ್ಲ, ಅವರೇ ತಮ್ಮದನ್ನು ಮುಂದೆ ಸರಿಸುತ್ತಾರೆ.

ಪ್ರತಿ ಕಿಂಡಿಯ ಎಡ ಬಲ ಎರಡಕ್ಕೂ ಅದರದೇ ನೆಲದ ತಂತಿಗೆ ಸೇರುವಂತೆ ಒಂದೊಂದು 100 ಕಿಲೋಓಮ್ ರೆಸಿಸ್ಟರ್ ಬೆಸೆದಿದ್ದೇನೆ. ಇದು ಇಲ್ಲದಿದ್ದರೆ ಬಳಕೆಯಲ್ಲಿಲ್ಲದ ಉಪಕರಣದ ಕೆಪಾಸಿಟರ್ ತುದಿಯಲ್ಲಿ ವಿದ್ಯುದಂಶ ಉಳಿದುಕೊಂಡು, ಗುಂಡಿ ತಿರುಗಿಸಿದ ಕೂಡಲೇ ಸ್ಪೀಕರಿನಲ್ಲಿ ಢಪ್ ಎನ್ನುತ್ತದೆ. ನಿದ್ದೆ ಹೋದ ಮೊಮ್ಮಗಳನ್ನು ಎಬ್ಬಿಸಲು ಆ ಒಂದು ಢಪ್ ಸಾಕು.

ಈಗ ಬೆರಕೆ. ಸ್ವಿಚ್ಚಿನಿಂದ ಹೊರಬಂದ ಎಡ ಬಲ ತಂತಿಗಳಿಗೆ ಒಂದೊಂದು 2.2 ಕಿಲೋಓಮ್ ರೆಸಿಸ್ಟರ್. ದಾರಿ ಹೇಳುವ ಫೋನಿನ ತಂತಿಗೆ 1 ಕಿಲೋಓಮ್. ಎರಡೂ ಕಡೆಯ ದನಿ ಈ ತಡೆಗಳನ್ನು ದಾಟಿದ ಮೇಲೆ ಒಂದುಗೂಡಿ ಆಕ್ಸ್ ಕಿಂಡಿಗೆ ಹೋಗುತ್ತದೆ. ನಡುವೆ ತಡೆಗಳಿರುವುದರಿಂದ ಒಂದು ಫೋನು ಇನ್ನೊಂದನ್ನು ಅದುಮಲಾರದು. ಸಣ್ಣ ತಡೆ ಹಾಕಿದ ಕಡೆಯ ದನಿ ಮುಂದಾಗುತ್ತದೆ. ಆಕ್ಸ್ ಪ್ರವೇಶ 10 ಕಿಲೋಓಮ್ ಎಂದು ಹಿಡಿದು ಲೆಕ್ಕ ಹಾಕಿದರೆ ಸಂಗೀತದ ವೋಲ್ಟೇಜಿನಲ್ಲಿ ಶೇಕಡ 30ರಷ್ಟು, ದಾರಿ ಹೇಳುವ ದನಿಯಲ್ಲಿ ಶೇಕಡ 60ರಷ್ಟು ಸ್ಟೀರಿಯೋ ತಲುಪುತ್ತದೆ. ದಾರಿಯ ದನಿ ಸಂಗೀತಕ್ಕಿಂತ ಎರಡರಷ್ಟು ಮೇಲೆ. ನಿಮಗೆ ಇನ್ನೂ ಮೇಲೆ ಬೇಕೆಂದರೆ 2.2ರ ಬದಲು 3.3 ಹಾಕಿ.

ದಾರಿ ಹೇಳುವ ದನಿಗೆ ಸ್ಟೀರಿಯೋ ಬೇಕಿಲ್ಲ. ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಹೇಳುವ ಹೆಂಗಸಲ್ಲ ಅವಳು. ಆದ್ದರಿಂದ ಫೋನಿನ ಒಂದೇ ಚಾನೆಲ್ಲನ್ನು ತೆಗೆದುಕೊಂಡು ಸ್ಟೀರಿಯೋದ ಬಲ ಚಾನೆಲ್ಲಿಗೆ ಮಾತ್ರ ಬೆರೆಸಿದೆ. ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. "300 ಮೀಟರಿನ ನಂತರ ಎಡಕ್ಕೆ ತಿರುಗಿ" ಎಂಬುದು ನನ್ನ ಮೊಣಕಾಲಿನ ಪಕ್ಕದ ಬಾಗಿಲಿನಿಂದಲೇ ಬರುತ್ತದೆ, ಎಡಗಡೆ ಕುಳಿತವಳ ತಾಳಮದ್ದಳೆಗೆ ಅಷ್ಟಾಗಿ ಅಡ್ಡಿಯಿಲ್ಲ. ಆದರೆ ಇದರಲ್ಲೊಂದು ತೊಡಕಿದೆ. ಬಲಕ್ಕೆ ಮಾತ್ರ ಆ 1 ಕಿಲೋಓಮಿನ ಕವಲು ಇದ್ದು ಎಡಕ್ಕೆ ಇಲ್ಲದಿದ್ದರೆ ಬಲಗಡೆಯ ಸಂಗೀತ ಕುಗ್ಗಿ ಎಡಗಡೆಯದು ಅಬ್ಬರಿಸುತ್ತದೆ. ಅದಕ್ಕೆ ಎಡ ಚಾನೆಲ್ಲಿಗೂ ಸಮತೂಕದ 1 ಕಿಲೋಓಮ್ ಒಂದನ್ನು ನೆಲಕ್ಕೆ ಕಟ್ಟಬೇಕು. ಇನ್ನು ಫೋನು ಕಿತ್ತಾಗ ಬಲಗಡೆಯ ಕವಲು ಗಾಳಿಯಲ್ಲಿ ತೂಗಿ ಮತ್ತೆ ತೂಕ ತಪ್ಪುತ್ತದೆ. ಇಲ್ಲಿ ನನ್ನ ಹಳೆಯ ಕಸುಬು ಕೈಹಿಡಿಯಿತು. ನಾವು ಇಯರ್‌ಫೋನಿಗೆ ಬಳಸುವ ಜ್ಯಾಕು 19ನೆಯ ಶತಮಾನದ ದೂರವಾಣಿ ಸ್ವಿಚ್‌ಬೋರ್ಡಿನ ಕಾಲಿಂಚು ದಪ್ಪದ ಜ್ಯಾಕಿನ ವಂಶದ್ದು. ಆ ಕಾಲದಿಂದಲೂ ಕೆಲವು ಕಿಂಡಿಗಳ ಒಳಗೆ ಒಂದು ಹೆಚ್ಚಿನ ಎಲೆ ಇರುತ್ತದೆ: ಪಿನ್ನು ಹೊರಗಿದ್ದಾಗ ಅದು ಸಂಪರ್ಕ ಮುಟ್ಟಿಕೊಂಡಿರುತ್ತದೆ, ಪಿನ್ನು ಒಳಹೊಕ್ಕರೆ ಎದ್ದು ಬಿಡುತ್ತದೆ. ಐದು ಕಾಲಿನ 3.5 ಮಿಲಿಮೀಟರ್ ಕಿಂಡಿ ಕೇಳಿ ತಂದು ಆ ಎಲೆಯನ್ನು ನೆಲಕ್ಕೆ ಕಟ್ಟಿದೆ. ಫೋನು ಇದ್ದರೂ ಇಲ್ಲದಿದ್ದರೂ ಎಡಬಲದ ತೂಕ ಒಂದೇ.

ಬೆರಕೆಯಲ್ಲಿ ಸಂಗೀತ ಕುಗ್ಗುವುದರಿಂದ ಸ್ಟೀರಿಯೋದ ದನಿ ಏರಿಸಬೇಕಾಗುತ್ತದೆ. ಅದೇ ಮಟ್ಟದಲ್ಲಿ ರೇಡಿಯೋಗೆ ತಿರುಗಿಸಿದರೆ ಜಾಹೀರಾತು ಕಿವಿಗೆ ಬಡಿಯುತ್ತದೆ. ಹಲವು ಸ್ಟೀರಿಯೋಗಳ ಸೆಟ್ಟಿಂಗಿನಲ್ಲಿ ಮೂಲವಾರು ಮಟ್ಟ ಹೊಂದಿಸುವ ಜಾಗವಿರುತ್ತದೆ. ಆಕ್ಸ್ ಮಟ್ಟವನ್ನು ಅಲ್ಲಿ ಮೇಲಕ್ಕೆ ಸರಿಸಿದರೆ ಮುಗಿಯಿತು.

ಒಟ್ಟು ಫಲವೇನೆಂದರೆ, ಒಮ್ಮೆ ಯಶವಂತಪುರದ ಹತ್ತಿರ ಕರ್ಣನಿಗೂ ಶಲ್ಯನಿಗೂ ಬಿರುಸಿನ ವಾದ ನಡೆದಿತ್ತು. ಸಾರಥಿ ತನ್ನ ಮಾತು ಕೇಳುತ್ತಿಲ್ಲವೆಂದು ಕರ್ಣ ಗುಡುಗುವುದಕ್ಕೂ "ಮುಂದಿನ ತಿರುವಿನಲ್ಲಿ ಹಿಂದಿರುಗಿ" ಎಂದು ಬಲಬಾಗಿಲು ಹೇಳುವುದಕ್ಕೂ ಸರಿಹೋಯಿತು. ಹೆಂಡತಿ ನಕ್ಕ ನಗೆಗೆ ನಾನು ನಿಜವಾಗಿಯೂ ತಿರುವು ತಪ್ಪಿಸಿಕೊಂಡೆ.

ನೆಲದ ತಂತಿಯ ತಾಪತ್ರಯ ಎಂದೆನಲ್ಲ, ಅದು ಈ ಇಡೀ ಕೆಲಸದ ನಿಜವಾದ ತಿರುಳು. ವಾಕ್‌ಮನ್ ತನ್ನ ಸೆಲ್ಲಿನ ಮೇಲೆ ಓಡುವಾಗ ಎಲ್ಲ ಚೆನ್ನ. ಆಕ್ಸ್‌ಗೆ ಕಟ್ಟಿದ ಫೋನನ್ನೇ ಲೈಟರ್ ಕಿಂಡಿಯ ಚಾರ್ಜರಿಗೂ ಕಟ್ಟಿದೊಡನೆ ಸ್ಪೀಕರಿನಲ್ಲಿ ಒಂದು ಕೀರಲು ಶುರು. ಆಕ್ಸಿಲರೇಟರ್ ಒತ್ತಿದರೆ ಕೀರಲು ಮೇಲಕ್ಕೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಫೋನು ಕೆಟ್ಟಿದೆ, ಸ್ಟೀರಿಯೋ ಕೆಟ್ಟಿದೆ ಎಂದು ಜನ ಎರಡನ್ನೂ ಬದಲಿಸುತ್ತಾರೆ. ಕೆಟ್ಟದ್ದು ಯಾವುದೂ ಇಲ್ಲ.

ಕಾರಿನ ಆಲ್ಟರ್ನೇಟರ್, ಅಂದರೆ ಎಂಜಿನ್ ತಿರುಗಿಸುವ ವಿದ್ಯುತ್ ಯಂತ್ರ, ಹುಟ್ಟಿಸುವುದು ಮೂರು ಹಂತದ ಪರ್ಯಾಯ ವಿದ್ಯುತ್ತನ್ನು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಆರು ಡಯೋಡುಗಳು ಅದನ್ನು ನೇರ ಮಾಡುತ್ತವೆ, ಆದರೆ ಪೂರ್ತಿ ನುಣುಪು ಮಾಡುವುದಿಲ್ಲ. 12 ಧ್ರುವದ ಆಲ್ಟರ್ನೇಟರಿನಲ್ಲಿ ಒಂದು ಸುತ್ತಿಗೆ 36 ಸಣ್ಣ ಅಲೆಗಳು ಉಳಿಯುತ್ತವೆ. ಅದು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸೆಕೆಂಡಿಗೆ 1,200 ಅಲೆ. 6,000 ಸುತ್ತಿಗೆ 3,600. ನಮ್ಮ ಕಿವಿ ಅತಿ ಚುರುಕಾಗಿರುವ ಜಾಗವೇ ಅದು. ಈ ಅಲೆ ಹೊತ್ತ ವಿದ್ಯುತ್ತು ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುವಾಗ, ಮೈಯ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ. ಲೈಟರ್ ಕಿಂಡಿಯ ನೆಲ ಒಂದು ಕಡೆ, ಸ್ಟೀರಿಯೋದ ನೆಲ ಇನ್ನೊಂದು ಕಡೆ. ಫೋನು ಎರಡನ್ನೂ ತನ್ನ ತಂತಿಗಳಿಂದ ಜೋಡಿಸಿದಾಗ ಒಂದು ಸುತ್ತು ಪೂರ್ಣವಾಗಿ, ಆ ವ್ಯತ್ಯಾಸ ಆಕ್ಸ್ ತಂತಿಯ ನೆಲದಲ್ಲೇ ಹರಿಯುತ್ತದೆ. ಸಂಗೀತದ ಸಂಕೇತವೇ ಒಂದು ವೋಲ್ಟಿನ ಮೂರನೆಯ ಒಂದು ಪಾಲು ಇರುವಲ್ಲಿ ಕೆಲವು ಮಿಲಿವೋಲ್ಟ್ ಚೆನ್ನಾಗಿಯೇ ಕೇಳುತ್ತದೆ. ಎಕ್ಸ್‌ಚೇಂಜಿನಲ್ಲಿ 48 ವೋಲ್ಟಿನ ಬ್ಯಾಟರಿಯ ಧನ ತುದಿಯನ್ನು ನೆಲಕ್ಕೆ ಕಟ್ಟುತ್ತಿದ್ದೆವು, ಕಾರಿನಲ್ಲಿ ಋಣ ತುದಿಯನ್ನು. ತುದಿ ಯಾವುದಾದರೂ ನೆಲದ ತಂತಿಯನ್ನು ನಂಬಿ ಕೆಟ್ಟವರ ಕಥೆ ಒಂದೇ.

ಪರಿಹಾರ ಸುತ್ತನ್ನು ಕತ್ತರಿಸುವುದು. ಎರಡು ಕಡೆ ಎರಡು ರೀತಿಯಲ್ಲಿ ಕತ್ತರಿಸಿದೆ. ದಾರಿ ಹೇಳುವ ಫೋನು ಇಡೀ ದಿನ ಚಾರ್ಜ್ ಆಗುತ್ತಲೇ ಇರಬೇಕು. ಅದರ ತಂತಿಗೆ, 1 ಕಿಲೋಓಮಿನ ಹಿಂದೆ, ನನ್ನ ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ 600 ಓಮಿನ ಸಣ್ಣ ಟೆಲಿಫೋನ್ ಟ್ರಾನ್ಸ್‌ಫಾರ್ಮರ್ ಕೂರಿಸಿದೆ. ದನಿ ಕಾಂತಕ್ಷೇತ್ರದ ಮೂಲಕ ಆಚೆ ದಾಟುತ್ತದೆ, ತಂತಿಗೆ ತಂತಿ ಮುಟ್ಟುವುದಿಲ್ಲ. ಈ ಟ್ರಾನ್ಸ್‌ಫಾರ್ಮರ್ 300ರಿಂದ 3,400 ಹರ್ಟ್ಸ್ ಒಳಗಿನ ಮಾತಿಗೆಂದು ಮಾಡಿದ್ದು. ಸಂಗೀತದ ದಾರಿಯಲ್ಲಿಟ್ಟು ನೋಡಿದಾಗ ಮದ್ದಳೆಯ ಗುಮ್ಮನೆಯ ನಾದವನ್ನು ಪೂರಾ ತಿಂದುಹಾಕಿತು. "ಎಡಕ್ಕೆ ತಿರುಗಿ" ಎನ್ನಲು ಅಷ್ಟು ಅಗಲ ಧಾರಾಳ. ಈ ಸುತ್ತು ಕತ್ತರಿಸಲೆಂದೇ ಅಂಗಡಿಯಲ್ಲಿ ಸಿಗುವ ಅಗ್ಗದ ಗ್ರೌಂಡ್ ಲೂಪ್ ಐಸೊಲೇಟರಿನ ಒಳಗೆ ಇರುವುದೂ ಇಂಥ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳೇ. ಕೀರಲು ಹೋಗುತ್ತದೆ, ಜೊತೆಗೆ ತಗ್ಗಿನ ಸ್ವರವೂ ಸೊರಗುತ್ತದೆ. ದೊಡ್ಡ ತಿರುಳಿನ ಒಳ್ಳೆಯ ಟ್ರಾನ್ಸ್‌ಫಾರ್ಮರಿಗೆ ಬೆಲೆಯೂ ದೊಡ್ಡದು. (ಹಿಂದೆ ಹೇಳಿದ ಜ್ಯಾಕಿನ ಎಲೆ ಕಟ್ಟಬೇಕಾದದ್ದು ಟ್ರಾನ್ಸ್‌ಫಾರ್ಮರಿನ ಫೋನಿನ ಬದಿಯ ನೆಲಕ್ಕೆ, ಸ್ಟೀರಿಯೋ ಬದಿಯದಕ್ಕಲ್ಲ.)

ಹಾಡಿನ ಫೋನುಗಳಿಗೆ ಒಂದು ಚಿಕ್ಕ ಬ್ಲೂಟೂತ್ ರಿಸೀವರ್ ಇಟ್ಟಿದ್ದೇನೆ. ಅದಕ್ಕೆ ಕಾರಿನಿಂದಲೇ 5 ವೋಲ್ಟ್ ಬೇಕು, ಅಂದರೆ ಅದೇ ಸುತ್ತು, ಅದೇ ಕೀರಲು. ಇಲ್ಲಿ ಸಂಗೀತವನ್ನು ಮುಟ್ಟದೆ ವಿದ್ಯುತ್ ಪೂರೈಕೆಯನ್ನು ಬೇರ್ಪಡಿಸಿದೆ. ಬಿ0505ಎಸ್ ಎಂಬ ನಾಲ್ಕು ಕಾಲಿನ ಕರಿ ತುಂಡು 5 ವೋಲ್ಟ್ ತೆಗೆದುಕೊಂಡು, ನೆಲದ ನಂಟಿಲ್ಲದ ಬೇರೆಯೇ 5 ವೋಲ್ಟನ್ನು 200 ಮಿಲಿಆಂಪಿಯರ್ ತನಕ ಕೊಡುತ್ತದೆ. ರಿಸೀವರಿಗೆ ಅದರ ಕಾಲುಭಾಗವೂ ಬೇಕಾಗಲಿಲ್ಲ. ಅದರ ಹಿಂದೆ ಕಾರಿನ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವ ಹಳೆಯ ಕಾಲದ 7805, ಅದರ ಹಿಂದೆ 1 ಆಂಪಿಯರ್ ಫ್ಯೂಸು, ಅದರ ಹಿಂದೆ ಸ್ಟೀರಿಯೋದ ಕೆಂಪು ತಂತಿ. ಕೆಂಪು ಎಂದರೆ ಕೀಲಿ ತಿರುಗಿಸಿದಾಗ ಮಾತ್ರ ಜೀವ ಪಡೆಯುವ ತಂತಿ. ಹಳದಿ ಸದಾ ಬ್ಯಾಟರಿಗೆ ಅಂಟಿಕೊಂಡಿರುವುದು, ಅದರಿಂದ ಏನನ್ನೂ ಎಳೆಯಬೇಡಿ. ಕಂಪನಿ ಸ್ಟೀರಿಯೋದಿಂದ ಕಂಪನಿ ಸ್ಟೀರಿಯೋಗೆ ಬಣ್ಣ ಬದಲಾಗಬಹುದು, ಆದ್ದರಿಂದ ಮಲ್ಟಿಮೀಟರ್ ಹೇಳುವ ತನಕ ಬಣ್ಣವನ್ನು ನಂಬಬೇಡಿ.

ಇದನ್ನೆಲ್ಲ ಅಲ್ಯೂಮಿನಿಯಂ ಡಬ್ಬಿಯೊಳಗೆ ಹಾಕಿದ್ದು ಅಂದಕ್ಕಲ್ಲ. ಅಗ್ಗದ ಕಾರ್ ಚಾರ್ಜರುಗಳು, ಇಂಥ ಬೇರ್ಪಡಿಸುವ ತುಂಡುಗಳು ಒಳಗೆ ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಚಾಲೂ ಬಂದ್ ಆಗುತ್ತಿರುತ್ತವೆ. ಅದರ ಗದ್ದಲ ಮಧ್ಯಮ ತರಂಗದ ಮೇಲೆ ನೇರವಾಗಿ ಎರಗುತ್ತದೆ. ನಂಬಿಕೆ ಬರದಿದ್ದರೆ ಸಂಜೆ ದೂರದ ಯಾವುದಾದರೂ ಮಧ್ಯಮ ತರಂಗದ ನಿಲಯ ಹಿಡಿದು ಚಾರ್ಜರನ್ನು ಕಿತ್ತು ನೋಡಿ: ಜರಿಜರಿ ಸದ್ದಿನ ಅಡಿಯಿಂದ ವಾರ್ತೆ ಓದುವವರು ಎದ್ದು ಬರುತ್ತಾರೆ. ಡಬ್ಬಿಯನ್ನು ಕಾರಿನ ಮೈಗೆ ಸ್ಕ್ರೂ ಹಾಕಿ ಬಿಗಿದಿಲ್ಲ, ಆಕ್ಸ್ ತಂತಿಯ ನೆಲಕ್ಕೆ ಒಂದೇ ಒಂದು ಕಡೆ ಸೇರಿಸಿದ್ದೇನೆ. ಬಿಗಿದಿದ್ದರೆ ಇಷ್ಟು ಹೊತ್ತು ಕತ್ತರಿಸಿದ ಸುತ್ತನ್ನು ನಾನೇ ಮತ್ತೆ ಕೂಡಿಸಿದ ಹಾಗಾಗುತ್ತಿತ್ತು.

ಡಬ್ಬಿ ಕೂತಿರುವುದು ಗೇರಿನ ಪಕ್ಕ, ಎಡಗೈ ತಾನಾಗಿ ಬೀಳುವ ಜಾಗದಲ್ಲಿ. ಗುಂಡಿಗೆ ಒಂದು ಮೂಗು ಇದೆ. ಬೆರಳಿಗೆ ಅದು ಯಾವ ಕಡೆ ತಿರುಗಿದೆ ಎಂದು ತಿಳಿಯುತ್ತದೆ, ಕಣ್ಣು ರಸ್ತೆ ಬಿಟ್ಟು ಬರಬೇಕಾಗಿಲ್ಲ. ಮೊದಲ ನಿಲ್ದಾಣ ವಾಕ್‌ಮನ್, ಎರಡನೆಯದು ಬ್ಲೂಟೂತ್, ಮೂರನೆಯದು ಟ್ಯಾಬ್ಲೆಟ್, ನಾಲ್ಕನೆಯದಕ್ಕೆ ಏನನ್ನೂ ಕಟ್ಟಿಲ್ಲ. ಆ ಖಾಲಿ ನಿಲ್ದಾಣಕ್ಕೆ ಇರುವಷ್ಟು ಬೇಡಿಕೆ ಮಿಕ್ಕ ಮೂರಕ್ಕೂ ಇಲ್ಲ: ಟೋಲ್ ಗೇಟಿನಲ್ಲಿ, ದಾರಿ ಕೇಳುವಾಗ, ಯಾರಾದರೂ ಮಾತಿಗೆ ಶುರುವಿಟ್ಟಾಗ ಎಲ್ಲರೂ ಅಲ್ಲಿಗೇ ತಿರುಗಿಸುತ್ತಾರೆ. ದಾರಿ ಹೇಳುವ ದನಿ ಆಗಲೂ ಬರುತ್ತಿರುತ್ತದೆ, ಏಕೆಂದರೆ ಅದು ಸ್ವಿಚ್ಚಿನ ಆಚೆ ಬೆರೆಯುವಂಥದ್ದು.

ಬ್ಲೂಟೂತಿನ ಜಗಳ ಮಾತ್ರ ಸ್ವಿಚ್ಚಿಗೆ ಸಿಗುವುದಿಲ್ಲ. ಆ ರಿಸೀವರ್ ಕೊನೆಯಲ್ಲಿ ಯಾರ ಜೊತೆಗಿತ್ತೋ ಅವರನ್ನೇ ಮೊದಲು ಹುಡುಕುತ್ತದೆ. ಅಂಗಳದಲ್ಲಿ ಕಾರು ಹೊರಡಿಸಿದರೆ, ಮನೆಯೊಳಗೆ ಚಾರ್ಜಿಗೆ ಇಟ್ಟ ಸೊಸೆಯ ಫೋನನ್ನು ಹಿಡಿದು ಕೂತು ಮಗನ ಫೋನಿಗೆ ಬಾಗಿಲು ತೆರೆಯುವುದಿಲ್ಲ. ಗೇಟು ದಾಟಿ ಹತ್ತಾರು ಮೀಟರ್ ಹೋದ ಮೇಲೆ ತಾನಾಗಿ ಬಿಡುತ್ತದೆ. ಟ್ಯಾಬ್ಲೆಟ್ಟಿಗೆ ಹಿಂದಿನ ಸೀಟಿನ ತನಕ ಕವಚವಿರುವ ತಂತಿ ಎಳೆದಿದ್ದೇನೆ. ವಿದ್ಯುತ್ ತಂತಿಗಳು ಹೋಗುವ ಬದಿ ಬಿಟ್ಟು ಇನ್ನೊಂದು ಬದಿಯ ಹೊಸ್ತಿಲ ಕೆಳಗೆ, ಅಡ್ಡ ಹಾಯಲೇಬೇಕಾದಲ್ಲಿ ಲಂಬಕೋನದಲ್ಲಿ. ನುಡಿಸುವಾಗ ಚಾರ್ಜ್ ಮಾಡಬಾರದು ಎಂದು ಕಾನೂನು ಮಾಡಿದ್ದೇನೆ. ಮೊಮ್ಮಗಳು ಅದನ್ನು ಅರಸೀಕೆರೆಯ ತನಕ ಪಾಲಿಸುತ್ತಾಳೆ, ಆಮೇಲೆ ನಮ್ಮೆಲ್ಲರಿಗೂ ಕಥೆಯ ಜೊತೆಗೆ ಆಲ್ಟರ್ನೇಟರ್.

ಹೊಸ ಟಚ್‌ಸ್ಕ್ರೀನ್ ಇರುವವರಿಗೆ ಇದರಲ್ಲಿ ಬಹಳಷ್ಟು ಬೇಕಿಲ್ಲ. ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇದ್ದರೆ ಹಾಡೂ ದಾರಿಯೂ ಒಂದೇ ಫೋನಿನಿಂದ ಬರುತ್ತವೆ, ದಾರಿ ಹೇಳುವಾಗ ಹಾಡು ತಾನೇ ತಗ್ಗುತ್ತದೆ. ರೆಸಿಸ್ಟರ್ ಮಾಡುವುದಕ್ಕಿಂತ ನಾಜೂಕಾದ ಬೆರಕೆ ಅದು, ಒಪ್ಪುತ್ತೇನೆ. ಆಯ್ಕೆಗೆ ಮಾತ್ರ ಪರದೆಯ ಮೇಲೆ ಒಂದರೊಳಗೊಂದು ಪಟ್ಟಿ ತೆರೆಯಬೇಕು, ಅದೂ ಗುಂಡಿಬಿದ್ದ ರಸ್ತೆಯಲ್ಲಿ, ಗುರಿ ತಪ್ಪುವ ಬೆರಳಿನಿಂದ.

ಮಗ ಈಚೆಗೆ ಹೊಸ ಕಾರು ತೆಗೆದುಕೊಂಡಿದ್ದಾನೆ. ಅದರಲ್ಲಿ ಆಕ್ಸ್ ಕಿಂಡಿಯೇ ಇಲ್ಲ. ಕಳೆದ ಹಬ್ಬಕ್ಕೆ ಅವನ ಕಾರಿನಲ್ಲಿ ಹೋಗುವಾಗ ಅಮ್ಮನ ವಾಕ್‌ಮನ್ ನುಡಿಸಲೇಬೇಕಾಗಿ ಬಂತು. ಇಯರ್‌ಫೋನ್ ಕಿಂಡಿಗೆ ಚುಚ್ಚುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಒಂದನ್ನು ತಂದ. ಪರದೆಯಿಲ್ಲದ, ಒಂದೇ ಗುಂಡಿಯ ಪುಟ್ಟ ವಸ್ತು. ಕಾರಿನ ಸ್ಟೀರಿಯೋ ಮೊದಲು ಅದನ್ನು ಗುರುತಿಸಲಿಲ್ಲ, ಆಮೇಲೆ ಫೋನೆಂದು ತಿಳಿದು ಮರ್ಯಾದೆಯಿಂದ ಬರಮಾಡಿಕೊಂಡಿತು, ತಾಳಮದ್ದಳೆಯೂ ಶುರುವಾಯಿತು. ಭಾಗವತರು ಪದ ಎತ್ತಿಕೊಂಡ ಹೊತ್ತಿಗೆ ಅಷ್ಟಗಲದ ಪರದೆಯ ಮೇಲೆ ಒಂದು ಸೂಚನೆ ಮೂಡಿತು: ಈ ಸಾಧನದ ಸಂಪರ್ಕ ಪಟ್ಟಿಯನ್ನು ತೆರೆಯಲಾಗುತ್ತಿಲ್ಲ, ಅನುಮತಿ ಕೊಡಿ. ವಾಕ್‌ಮನ್‌ನಲ್ಲಿ ಅನುಮತಿಯ ಗುಂಡಿ ಎಲ್ಲಿದೆ ಎಂದು ಮಗ ಇನ್ನೂ ಹುಡುಕುತ್ತಿದ್ದಾನೆ.